ಬೇಡ ಅಂದರೆ ಬೇಡ

ಶೃಂಗೇರಿ ಕಡೆಯ ಹಳೇ ಮನೆಯಲ್ಲಿ ಬೆಳೆದವರು ಜರ್ಮನಿಯ ನಿಯಮಗಳಿಗೆ ಹೆದರಬೇಕಾಗಿಲ್ಲ. ಸ್ನಾನವಾಗದೆ ಅಡುಗೆಮನೆಗೆ ಕಾಲಿಡಬಾರದು, ಮುಸುರೆ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟಬಾರದು, ಮಡಿಬಟ್ಟೆಯ ಕೋಲಿನ ಹತ್ತಿರ ಸುಳಿಯಬಾರದು, ಪಂಕ್ತಿಯಿಂದ ಮಧ್ಯೆ ಏಳಬಾರದು. ಹಲ್ಲು ಬಿದ್ದು ಹುಟ್ಟುವುದರೊಳಗೆ ಇಷ್ಟು ‘ಬಾರದು’ಗಳನ್ನು ಕಲಿತಿರುತ್ತೇವೆ. ಹಾಗಾಗಿ ವಿದ್ಯಾರ್ಥಿ ವಿನಿಮಯದಲ್ಲಿ ಟ್ಯೂಬಿಂಗೆನ್ನಿಗೆ ಹೋಗಿ ಒಂದು ಸಂಸಾರದ ಜೊತೆ ಉಳಿದಾಗ, ಮನೆಯಾಕೆ ಒಪ್ಪಿಸಿದ ಪಟ್ಟಿಯಲ್ಲಿ ನನಗೆ ಅಪರಿಚಿತವೆನಿಸಿದ್ದು ಕಡಿಮೆ.

ಬೂಟು ಬಾಗಿಲಲ್ಲೇ ಬಿಟ್ಟು ಮನೆಚಪ್ಪಲಿ ಹಾಕಿಕೊಳ್ಳಬೇಕು. ತರಕಾರಿ ಸಿಪ್ಪೆ ಒಂದು ಡಬ್ಬಿಗೆ, ಕಾಗದ ಇನ್ನೊಂದಕ್ಕೆ, ಪ್ಲಾಸ್ಟಿಕ್ ಬೇರೆ. ಗಾಜಿನ ಬಾಟಲಿಯಲ್ಲೂ ಬಿಳಿ, ಹಸಿರು, ಕಂದು ಎಂಬ ಜಾತಿ ಉಂಟು. ಎಂಥ ಚಳಿಯಿದ್ದರೂ ಹೀಟರ್ ಆರಿಸಿ ಕಿಟಕಿ ಪೂರ್ತಿ ತೆಗೆದು ಗಾಳಿಯಾಡಿಸಬೇಕು. ಭಾನುವಾರ ಡ್ರಿಲ್ಲು, ಹುಲ್ಲು ಕತ್ತರಿಸುವ ಯಂತ್ರ ಯಾವುದೂ ಸದ್ದು ಮಾಡಕೂಡದು. ಬಾಟಲಿ ಹಾಕಲು ಹೋಗುವಂತೆಯೂ ಇಲ್ಲ, ಗಾಜು ಬೀಳುವ ಸದ್ದು ನೆರೆಯವರಿಗೆ ಕೇಳುತ್ತದೆ. ಭಾನುವಾರದ ವಿಶ್ರಾಂತಿಗೆ ಅವರ 1949ರ ಸಂವಿಧಾನದ ರಕ್ಷಣೆಯೇ ಇದೆ. ಮೆಟ್ಟಿಲು ಗುಡಿಸುವ ಪಾಳಿ ವಾರಕ್ಕೊಂದು ಮನೆಗೆ. ಪಾಳಿ ಬಂದ ಮನೆಯ ಬಾಗಿಲಿಗೆ ಒಂದು ಫಲಕ ನೇತಾಡುತ್ತದೆ, ವಾರ ಮುಗಿದರೆ ಪಕ್ಕದ ಮನೆಯ ಬಾಗಿಲಿಗೆ ಹೋಗುತ್ತದೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಮ್ಮ ಯೋಚಿಸಿ, “ಪರವಾಗಿಲ್ಲ, ಆಚಾರವಂತರೇ” ಎಂದರು.

ಆ ಊರಿನ ಇನ್ನೊಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ಒಂದೇ ಸಲ ಬಳಸಿ ಬಿಸಾಡುವ ಕಾಫಿ ಲೋಟಕ್ಕೆ 2022ರಿಂದ ಅಲ್ಲಿ 50 ಸೆಂಟ್ ತೆರಿಗೆ. ಹೋಟೆಲಿನವರೊಬ್ಬರು ಕೋರ್ಟು ಹತ್ತಿದರು. 2025ರ ಜನವರಿಯಲ್ಲಿ ಸಂವಿಧಾನ ನ್ಯಾಯಾಲಯ ಊರಿನ ಪರವಾಗಿಯೇ ತೀರ್ಪು ಪ್ರಕಟಿಸಿತು. ತುಂಗೆಯ ದಡದಲ್ಲಿ ಬಿದ್ದಿರುವ ಲೋಟಗಳನ್ನು ಕಂಡಾಗ ಆ ತೀರ್ಪಿನ ಒಂದು ಪ್ರತಿ ನಮ್ಮೂರಿಗೂ ತರಿಸಬೇಕು ಅನ್ನಿಸುತ್ತದೆ.

ನಿಯಮಗಳು ಸರಿಯೇ. ಕಷ್ಟವಾದದ್ದು ಉಪಚಾರವಿಲ್ಲದ ಊಟ.

ಅಲ್ಲಿ ರಾತ್ರಿ ಅನೇಕ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಪ್ರತಿಯೊಬ್ಬರ ಮುಂದೆ ತಟ್ಟೆಯ ಬದಲು ಒಂದು ಪುಟ್ಟ ಮರದ ಹಲಗೆ. ನಡುವೆ ಬುಟ್ಟಿಯಲ್ಲಿ ಗಟ್ಟಿ ಕಪ್ಪು ಬ್ರೆಡ್ಡು, ಬೆಣ್ಣೆ, ಚೀಸು, ಹುಳಿನೀರಲ್ಲಿ ನೆನೆದ ಎಳೆಸೌತೆ. ಬಿಸಿ ಅನ್ನ, ಸಾರು, ತಂಬುಳಿ ಉಂಡು ಬೆಳೆದ ಹೊಟ್ಟೆಗೆ ಇದು ಊಟವೆಂದು ತಿಳಿಯುವುದಕ್ಕೇ ಕೆಲವು ದಿನ ಬೇಕು. ಎರಡು ತುಂಡು ಮುಗಿಸಿದ ಮೇಲೆ ಮನೆಯಾಕೆ, “ಇನ್ನೊಂದು ಬೇಕೆ?” ಎಂದರು. “ಬೇಡ, ಸಾಕು” ಅಂದೆ. ನಮ್ಮಲ್ಲಿ ಮೊದಲನೆಯ ‘ಸಾಕು’ ಯಾರ ಲೆಕ್ಕಕ್ಕೂ ಇಲ್ಲ, ಎರಡನೆಯದು ಸಂಕೋಚ, ಮೂರನೆಯದನ್ನು ಬಡಿಸುವವರು ಸ್ವಲ್ಪ ಯೋಚಿಸುತ್ತಾರೆ, ಯೋಚಿಸುತ್ತಲೇ ಅರ್ಧ ಸೌಟು ಹಾಕಿರುತ್ತಾರೆ. ಇಲ್ಲಿ ಬುಟ್ಟಿ ಮೇಜಿನ ಆ ತುದಿಗೆ ಹೋಯಿತು. ಮನೆಯ ಯಜಮಾನರು ಒಂದು ತುಂಡು ತೆಗೆದುಕೊಂಡು ಮುಚ್ಚಳ ಮುಚ್ಚಿದರು.

ಅದರಲ್ಲಿ ಜಿಪುಣತನವೂ ಇರಲಿಲ್ಲ, ಅಸಡ್ಡೆಯೂ ಇರಲಿಲ್ಲ. ಅದೇ ಮನೆಯಾಕೆ ನನಗೆಂದು ಪೇಟೆಯೆಲ್ಲ ತಿರುಗಿ ತೊಗರಿಬೇಳೆ ಹುಡುಕಿ ತಂದವರು. ನಾನು ಬೇಡವೆಂದ ಮೇಲೂ ಒತ್ತಾಯ ಮಾಡಿದರೆ ನನ್ನ ಮಾತಿಗೆ ಬೆಲೆ ಕೊಡದಂತೆ ಎಂಬುದು ಅವರ ಲೆಕ್ಕ. ಒತ್ತಾಯ ಮಾಡದಿದ್ದರೆ ನನಗೇ ಬೆಲೆಯಿಲ್ಲ ಎಂಬುದು ನನ್ನದು.

ಅಲ್ಲಿನ ಬೀದಿಗಳಲ್ಲಿ ನಡೆಯುವಾಗ ಕಿಟೆಲ್ ನೆನಪಾಗುತ್ತಿದ್ದರು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಅವರು 1903ರಲ್ಲಿ ತೀರಿಕೊಂಡದ್ದು ಆ ಊರಲ್ಲೇ. ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್ ಓದಿದ್ದೂ ಅಲ್ಲೇ. 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಕಿಟೆಲ್‌ಗೆ 21 ವರ್ಷ, ಹೆಚ್ಚುಕಡಿಮೆ ನನ್ನದೇ ವಯಸ್ಸು. ನಮ್ಮವರು ಆ ಹುಡುಗನಿಗೆ ಎಷ್ಟು ಸೌಟು ಬಡಿಸಿದ್ದರೋ!

ಊಹಿಸುವುದು ಕಷ್ಟವಲ್ಲ. ಒಂದು ಆಗಸ್ಟಿನಲ್ಲಿ ಮನೆಯಾಕೆ ನಮ್ಮಲ್ಲಿಗೇ ಬಂದರು. ಚೀಲದಿಂದ ಮನೆಚಪ್ಪಲಿ ತೆಗೆದು ಹಾಕಿಕೊಳ್ಳುವಾಗ ಅಮ್ಮ ಹೌಹಾರಿ ತಡೆದರು. ಒಳಗೆ ಯಾವ ಚಪ್ಪಲಿಯೂ ಇಲ್ಲ. ಆಕೆ ಮರುಮಾತಿಲ್ಲದೆ ಚಪ್ಪಲಿಯನ್ನು ಜಗಲಿಯ ಕೆಳಗಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಸ್ನಾನದ ನಿಯಮವನ್ನೂ ಹೇಳಿದ ಕೂಡಲೇ ಒಪ್ಪಿದರು. ಕೈಸೋತದ್ದು ಊಟದಲ್ಲಿ. ಪತ್ರೊಡೆ ಎರಡಾದ ಮೇಲೆ “ಸಾಕು” ಎಂಬ ಕನ್ನಡವನ್ನೇ ಹೇಳಿದರು, ಅಮ್ಮ ಮೂರನೆಯದನ್ನು ಬಡಿಸಿದರು. ನಾಲ್ಕನೆಯದು ಬರುವಾಗ ಆಕೆ ನನ್ನ ಮುಖ ನೋಡಿದರು. ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು ಬಗ್ಗಬೇಕೆಂದು ತೋರಿಸಿಕೊಟ್ಟೆ. ಹಾಗೇ ಮಾಡಿದರು. ಅಮ್ಮ ಕೈಬೆರಳ ಸಂದಿಯಿಂದ ಒಂದು ಚಮಚ ತುಪ್ಪ ಇಳಿಸಿದರು.

ಯಾರ ಪದ್ಧತಿ ಮೇಲು ಎಂದು ಕೇಳಿದರೆ, ಉಂಡ ಮೇಲೆ ನಮ್ಮದು, ಉಣ್ಣುವಾಗ ಅವರದು ಎನ್ನುತ್ತೇನೆ. ನಿಮ್ಮ ಮನೆಯಿಂದ ಯಾರಾದರೂ ಆ ಕಡೆ ಹೊರಟಿದ್ದರೆ, ಅಪ್ಪೆಮಿಡಿ ಕಟ್ಟುವ ಮೊದಲು ಇಷ್ಟು ಹೇಳಿಬಿಡಿ: ಹಸಿವಿದ್ದರೆ ಮೊದಲ ಸಲ ಕೇಳಿದಾಗಲೇ ‘ಬೇಕು’ ಅನ್ನಲಿ, ಎರಡನೇ ಸಲ ಯಾರೂ ಕೇಳುವುದಿಲ್ಲ. ಜೊತೆಗೆ ಒಂದು ಜೊತೆ ಮನೆಚಪ್ಪಲಿ ಇಟ್ಟು ಕಳಿಸಿ, ಅಲ್ಲಿ ದುಬಾರಿ.