ಕ್ಯಾಂಪು, ಸಾಂಬ್ರಾ ಮತ್ತು ಕರಿ ಟ್ರಂಕು

ಬೆಳಗಾವಿಗೆ ಇಬ್ಬರು ಅಳಿಯಂದಿರು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ 1922ರಲ್ಲಿ ಬಂದು ಕ್ಯಾಂಪಿನಲ್ಲಿ ಬೀಡುಬಿಟ್ಟಿದ್ದರಿಂದ ಭೂಸೇನೆ ಮನೆಅಳಿಯ. ವಾಯುಸೇನೆ ಕೊಂಚ ಬಿಗುಮಾನದವನು. ಹತ್ತು ಕಿಲೋಮೀಟರಿನಾಚೆ ಸಾಂಬ್ರಾದಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾನೆ. ಈಗ ನಾಗರಿಕರ ವಿಮಾನಗಳೂ ಅಲ್ಲೇ ಇಳಿಯುತ್ತವೆ.

ಖಡೇಬಜಾರಿನಲ್ಲಿ ಎತ್ತ ಬೇಕಾದರತ್ತ ಗಾಡಿ ನುಗ್ಗಿಸುವ ನಮ್ಮ ಜನ ಕ್ಯಾಂಪಿನ ಮರಗಳ ನೆರಳು ಬಿದ್ದೊಡನೆ ಹಾರ್ನಿನಿಂದ ಕೈ ತೆಗೆದು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾರೆ. ಆಚೆ ದಾಟಿದರೆ ಮತ್ತೆ ಅದೇ ರಾಗ. ಇಷ್ಟು ವರ್ಷದಲ್ಲಿ ಊರಿಗೆ ಬಂದ ಶಿಸ್ತು ಅಷ್ಟೇ.

ನಮ್ಮ ಓಣಿಯ ಹುಡುಗರಲ್ಲಿ ಎರಡು ಪಾರ್ಟಿ ಇದ್ದವು: ಭೂಸೇನೆಯದೊಂದು, ವಾಯುಸೇನೆಯದೊಂದು. 1961ರಲ್ಲಿ ಗೋವಾ ವಿಮೋಚನೆಗೆ ಪದಾತಿ ಪಡೆ ಬೆಳಗಾವಿಯಲ್ಲಿ ಜಮಾಯಿಸಿ ಹೊರಟಿತ್ತು; ಸಾಂಬ್ರಾದಿಂದ ಹಂಟರ್ ವಿಮಾನಗಳು ಹಾರಿದ್ದವು. ನಾವ್ಯಾರೂ ಆಗ ಹುಟ್ಟಿಯೇ ಇರಲಿಲ್ಲ, ಆದರೂ ಜಗಳಕ್ಕೆ ಅಷ್ಟು ಸಾಕಿತ್ತು.

“ಗೋವಾ ಗೆದ್ದವ್ರು ನಡಕೊಂಡು ಹೋದವ್ರಲೇ!”

“ಮ್ಯಾಲಿಂದ ಹಾದಿ ಮಾಡಿಕೊಟ್ಟವ್ರು ಯಾರು ಮತ್ತ?”

ರೊಟ್ಟಿ ಬಡಿಯುತ್ತಿದ್ದ ನಮ್ಮ ಅಜ್ಜಿ ತೀರ್ಪು ಕೊಡುತ್ತಿದ್ದಳು: “ಮೊದ್ಲ ಗಣಿತದಾಗ ಪಾಸಾಗ್ರಿ, ಆಮ್ಯಾಲೆ ಗೋವಾ ಗೆಲ್ಲೀರಂತ.”

ಸೇನೆಯ ತರಬೇತಿಯಲ್ಲಿದ್ದ ಹುಡುಗರು ಭಾನುವಾರ ಔಟ್‌ಪಾಸ್ ಸಿಕ್ಕರೆ ಪೇಟೆಗೆ ಬರುತ್ತಿದ್ದರು. ಕಿವಿಯ ಮೇಲೆ ಬರೀ ಚರ್ಮ, ನೆತ್ತಿಯ ಮೇಲೆ ಗರಿಕೆಯಷ್ಟು ಕೂದಲು. ಕುಂದಾ ತಿನ್ನುವಾಗಲೂ ಬೆನ್ನು ನೆಟ್ಟಗೆ. ಅವರಿಗಿಂತ ನನ್ನ ಕಣ್ಣು ಅವರು ಹೆಸರು ಬರೆಸುತ್ತಿದ್ದ ಟ್ರಂಕಿನ ಮೇಲೆ. ಕರಿ ತಗಡು, ಎರಡು ಕೊಂಡಿ, ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ಹೆಸರು, ಊರು. ಪೇಂಟರ್ ಕುಂಚವನ್ನು ತುಟಿಯಲ್ಲಿ ಕಚ್ಚಿ, ಇಂಗ್ಲಿಷ್ ಅಕ್ಷರಗಳನ್ನು ಎಣಿಸಿ, ಜಾಗ ಸಾಲದಾಗ ಊರಿನ ಹೆಸರಿನ ಬಾಲವನ್ನೇ ಕತ್ತರಿಸಿಬಿಡುತ್ತಿದ್ದ. ಎಷ್ಟೋ ಹಳ್ಳಿಗಳು ಸಿಯಾಚಿನ್‌ವರೆಗೂ ಹಾಗೆ ಬಾಲವಿಲ್ಲದೆಯೇ ಹೋಗಿವೆ.

ನಿವೃತ್ತರಾಗಿ ಮರಳುವಾಗ ಅದೇ ಟ್ರಂಕು ಬರುತ್ತಿತ್ತು. ಪೇಂಟು ಎದ್ದು ಹೋಗಿ, ಹೆಸರಿದ್ದಲ್ಲಿ ತುಕ್ಕು. ಎದುರುಮನೆಯ ಸುಬೇದಾರ್ ಕಾಕಾ ಅದರಲ್ಲಿ ಪದಕಗಳನ್ನೂ ಕ್ಯಾಂಟೀನಿನ ರಮ್ಮನ್ನೂ ಒಟ್ಟಿಗೆ ಇಡುತ್ತಿದ್ದರು. ಓಣಿಯ ಗಂಡಸರಿಗೆಲ್ಲ ಅವರ ಯುದ್ಧದ ಕಥೆ ಕೇಳುವ ಆಸೆ. ತಿಂಗಳ ಮೊದಲ ವಾರದಲ್ಲಿ ಆ ಆಸೆ ತುಸು ಹೆಚ್ಚು.

2022ರಲ್ಲಿ ಸೇನಾ ನೇಮಕಾತಿಯ ಅಗ್ನಿಪಥ ಯೋಜನೆ ಬಂತು. ಈಗ ಕ್ಯಾಂಪಿನಲ್ಲೂ ಸಾಂಬ್ರಾದಲ್ಲೂ ತರಬೇತಿ ಪಡೆಯುವವರು ಅಗ್ನಿವೀರರು. ನಾಲ್ಕು ವರ್ಷದ ಸೇವೆ. ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25. ಉಳಿದವರು ಟ್ರಂಕಿನ ಪೇಂಟು ಎದ್ದುಹೋಗುವ ಮೊದಲೇ ಮನೆಗೆ ಬರುತ್ತಾರೆ. ಹೇಳಲು ಕಥೆ ಕೂಡಿರುವುದಿಲ್ಲ, ಪಿಂಚಣಿಯೂ ಇಲ್ಲ. ಇಪ್ಪತ್ತೈದು ತುಂಬದ ಹುಡುಗನನ್ನು ಮಾಜಿ ಎಂದು ಕರೆಯಲು ನನಗಂತೂ ನಾಲಿಗೆ ಏಳದು.

ಅಂಗಡಿ, ಕಾರ್ಖಾನೆ ನಡೆಸುವವರಲ್ಲಿ ಒಂದು ಮಾತು. ಅಂಥವನೊಬ್ಬ ಕೆಲಸ ಕೇಳಿಕೊಂಡು ಬಂದರೆ ಗೇಟಿನ ಕಾವಲಿಗಷ್ಟೇ ನಿಲ್ಲಿಸಬೇಡಿ. ಒಳಗೆ ಕರೆದು, ಏನೇನು ಕಲಿತಿದ್ದಾನೆಂದು ಕೇಳಿ ನೋಡಿ.