ಸ್ಕೋರ್ ಪುಸ್ತಕದ ಖಾಲಿ ಪುಟ

ಇವತ್ತು 2025ರ ನವೆಂಬರ್ 1. ಬೆಳಿಗ್ಗೆ ನಮ್ಮ ಬೀದಿಯ ಹುಡುಗರು ಕೆಂಪು ಹಳದಿ ಬಾವುಟ ಏರಿಸಿ, ಮನೆಮನೆಗೂ ಸಿಹಿಬೂಂದಿ ಹಂಚಿ ಹೋದರು. ಸಂಜೆಯ ಹೊತ್ತಿಗೆ ಮೈಕು ಸುಮ್ಮನಾಗಿದೆ. ನಾನು ಊಟದ ಮೇಜು ಒರೆಸಿ, ಸ್ಕೇಲು, ಪೆನ್ಸಿಲು, ರಬ್ಬರು, ಉದ್ದನೆಯ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದೇನೆ. ನಾಳೆ ಭಾನುವಾರ ಮಧ್ಯಾಹ್ನ ಮೂರಕ್ಕೆ ನವಿ ಮುಂಬಯಿಯ ಡಿ.ವೈ. ಪಾಟೀಲ್ ಮೈದಾನದಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್. ಭಾರತಕ್ಕೂ ದಕ್ಷಿಣ ಆಫ್ರಿಕಾಕ್ಕೂ. ಗೆರೆ ಎಳೆಯುವ ಕೆಲಸ ಇವತ್ತೇ ಮುಗಿಯಬೇಕು.

ಸ್ಕೋರ್ ಬರೆಯುವುದು ಅಣ್ಣ ಕಲಿಸಿದ ವಿದ್ಯೆ. ಅವನು ರೇಡಿಯೋಗೆ ಕಿವಿಗೊಟ್ಟು ಟೆಸ್ಟ್ ಪಂದ್ಯದ ಲೆಕ್ಕ ಬರೆಯುತ್ತಿದ್ದ. ಊಟಕ್ಕೆ ಎದ್ದಾಗ ಪೆನ್ಸಿಲು ನನ್ನ ಕೈಗೆ ಬರುತ್ತಿತ್ತು. ರನ್ ಬಾರದ ಎಸೆತಕ್ಕೆ ಒಂದು ಚುಕ್ಕಿ. ವೈಡಿಗೆ ಕೂಡಿಸುವ ಗುರುತು, ನೋಬಾಲಿಗೆ ಸುತ್ತು. ಬೈಗೆ ತ್ರಿಕೋನ, ಲೆಗ್‌ಬೈಗೆ ಅದೇ ತ್ರಿಕೋನ ತಲೆಕೆಳಗಾಗಿ. ಓವರಿನ ಆರೂ ಎಸೆತ ಚುಕ್ಕಿಯಾದರೆ ಅವನ್ನು ಗೆರೆಯಿಂದ ಸೇರಿಸಿ ಎಂ ಅಕ್ಷರ ಮಾಡಬೇಕು, ಅದು ಮೇಡನ್. ಅದರಲ್ಲೇ ವಿಕೆಟ್ಟೂ ಬಿದ್ದಿದ್ದರೆ ಡಬ್ಲ್ಯೂ. ಬಾಗಿಲ ಮುಂದೆ ಅಮ್ಮ ಚುಕ್ಕಿಯಿಟ್ಟು ಎಳೆ ಸೇರಿಸುವುದನ್ನು ನೋಡುತ್ತ ಬೆಳೆದವಳಿಗೆ ಇದು ಬೇಗ ಒಗ್ಗಿತು. ಇನಿಂಗ್ಸ್ ಮುಗಿದಾಗ ಬ್ಯಾಟರ್‌ಗಳ ರನ್ನಿಗೆ ಇತರೆ ರನ್ ಸೇರಿಸಿದರೂ, ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್‌ಬೈ ಸೇರಿಸಿದರೂ ಮೊತ್ತ ಒಂದೇ ಬರಬೇಕು. ಎರಡೂ ಕಡೆಯ ಲೆಕ್ಕ ತಾಳೆಯಾದಾಗ ಆಗುವ ಸಂತೋಷಕ್ಕೆ ನಾನು ಇಂದಿಗೂ ಮನಸೋತಿದ್ದೇನೆ.

ಆದರೆ ಹುಡುಗಿಯರ ಆಟವನ್ನು ಹಾಗೆ ಬರೆಯಲು ನನಗೆ ಬಹಳ ಕಾಲ ಅವಕಾಶವೇ ಸಿಗಲಿಲ್ಲ. 1976ರಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಿನಲ್ಲೇ, ವೆಸ್ಟ್ ಇಂಡೀಸ್ ಎದುರು. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಅದರ ಒಂದು ಎಸೆತವೂ ನನ್ನ ಪುಸ್ತಕದಲ್ಲಿಲ್ಲ. 2005ರಲ್ಲಿ ಮಿತಾಲಿ ರಾಜ್ ತಂಡ ದಕ್ಷಿಣ ಆಫ್ರಿಕಾದ ಸೆಂಚುರಿಯನ್‌ನಲ್ಲಿ ವಿಶ್ವಕಪ್ ಫೈನಲ್ ಆಡಿತು. ಆ ಪುಟ ಈಗಲೂ ಇದೆ. ಆಸ್ಟ್ರೇಲಿಯಾ 4 ವಿಕೆಟ್‌ಗೆ 215, ಕರೆನ್ ರೋಲ್ಟನ್ ಔಟಾಗದೆ 107. ಭಾರತ 117ಕ್ಕೆ ಆಲೌಟ್. ಅಷ್ಟೇ. ಪತ್ರಿಕೆ ನೋಡಿ ಪೆನ್ನಿನಲ್ಲಿ ಇಳಿಸಿಕೊಂಡ ಸಾಲುಗಳು. ಒಂದು ಚುಕ್ಕಿಯೂ ಇಲ್ಲದ ಪುಟ. ಫೈನಲ್‌ವರೆಗೆ ಹೋದವರ ಇಡೀ ದಿನದ ದುಡಿಮೆ ಅಂಗೈಯಗಲದ ಜಾಗದಲ್ಲಿ ಮುಗಿದುಹೋಗಿದೆ.

2017ರ ಪುಟ ಭರ್ತಿಯಾಗಿದೆ. ಜುಲೈ 23, ಲಾರ್ಡ್ಸ್. ಟಿವಿ ಮುಂದೆ ಕೂತು ನಾನೇ ಬರೆದದ್ದು. ಅದಕ್ಕೆ ಎಂಟು ದಿನ ಮೊದಲು ನ್ಯೂಜಿಲೆಂಡ್ ಎದುರು ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70 ಹೊಡೆದಿದ್ದಳು, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15 ರನ್ ಕೊಟ್ಟು ಐದು ವಿಕೆಟ್ ಕಿತ್ತಿದ್ದಳು. ಫೈನಲ್‌ನಲ್ಲಿ ಜೂಲನ್ ಗೋಸ್ವಾಮಿಯ ಸಾಲು ನೋಡಿದರೆ ಹತ್ತು ಓವರಿನಲ್ಲಿ ಮೂರು ಮೇಡನ್, 23 ರನ್ನಿಗೆ ಮೂರು ವಿಕೆಟ್. ಆಮೇಲೆ 229ರ ಗುರಿ. ಮೂರು ವಿಕೆಟ್‌ಗೆ 191ರವರೆಗೆ ಅಂಕಿಗಳು ದುಂಡಗೆ, ಸಾಲಾಗಿ ಕೂತಿವೆ. ಅಲ್ಲಿಂದ ಮುಂದೆ ಅಕ್ಷರ ಕೆಟ್ಟಿದೆ. 28 ರನ್ನಿಗೆ ಏಳು ವಿಕೆಟ್, 219ಕ್ಕೆ ಆಲೌಟ್, ಒಂಬತ್ತು ರನ್ ಸೋಲು. ಆರು ವಿಕೆಟ್ ಕಿತ್ತ ಆನ್ಯಾ ಶ್ರಬ್‌ಸೋಲ್ ಹೆಸರಿನ ಮುಂದೆ ಪೆನ್ಸಿಲು ಎಷ್ಟು ಒತ್ತಿದೆಯೆಂದರೆ ಹಿಂದಿನ ಪುಟದಲ್ಲಿ ಕೈಯಾಡಿಸಿದರೆ ತಿಳಿಯುತ್ತದೆ.

ಅವತ್ತು ಆಡಿದವರಲ್ಲಿ ನಾಳೆ ಮತ್ತೆ ಮೈದಾನಕ್ಕಿಳಿಯುವವರು ಮೂವರು: ಹರ್ಮನ್‌ಪ್ರೀತ್ ಕೌರ್, ದೀಪ್ತಿ ಶರ್ಮಾ, ಸ್ಮೃತಿ ಮಂದಾನ. ಲಾರ್ಡ್ಸ್ ಪುಟದಲ್ಲಿ ಸ್ಮೃತಿಯ ಹೆಸರಿನ ಮುಂದೆ ಸೊನ್ನೆಯಿದೆ. ನಮ್ಮ ಆರ್‌ಸಿಬಿಗೆ 2024ರಲ್ಲಿ ಕಪ್ ತಂದುಕೊಟ್ಟ ಆ ನಾಯಕಿ ಈ ವಿಶ್ವಕಪ್‌ನಲ್ಲಿ ಇಲ್ಲಿಯವರೆಗೆ 389 ರನ್ ಮಾಡಿದ್ದಾಳೆ. ನಾಳೆ ಅವಳ ಎದುರು ಮರಿಜಾನ್ ಕಾಪ್ ಹೊಸ ಚೆಂಡು ಹಿಡಿದು ಓಡಿ ಬರುತ್ತಾಳೆ. ಸೆಮಿಫೈನಲ್‌ನಲ್ಲಿ ಕಾಪ್ ಮೊದಲ ಓವರಿನಲ್ಲೇ ಎರಡು ವಿಕೆಟ್ ಉರುಳಿಸಿದಳು. ಇಂಗ್ಲೆಂಡಿನ ಮೊತ್ತ 1 ಆಗುವಷ್ಟರಲ್ಲಿ ಮೂವರು ಪೆವಿಲಿಯನ್ ಸೇರಿದ್ದರು. ಕೊನೆಗೆ ಅವಳ ಲೆಕ್ಕ 20 ರನ್ನಿಗೆ 5 ವಿಕೆಟ್. ನಾಳೆ ಸ್ಮೃತಿಗೆ ಅವಳು ಹಾಕುವ ಮೊದಲ ಹನ್ನೆರಡು ಎಸೆತವನ್ನು ನಾನು ಉಸಿರು ಬಿಗಿಹಿಡಿದೇ ಬರೆಯುವುದು.

ಎದುರಾಳಿಗಳ ಪುಟವನ್ನೂ ನಾನು ಅಷ್ಟೇ ಪ್ರೀತಿಯಿಂದ ತಿರುವುತ್ತೇನೆ. ಇದೇ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ಒಮ್ಮೆ 69ಕ್ಕೆ, ಇನ್ನೊಮ್ಮೆ 97ಕ್ಕೆ ಆಲೌಟಾಗಿತ್ತು. 69ಕ್ಕೆ ಕೆಡವಿದ್ದು ಇಂಗ್ಲೆಂಡ್, ಗುವಾಹಟಿಯಲ್ಲಿ. ಅದೇ ಗುವಾಹಟಿಯ ಸೆಮಿಫೈನಲ್‌ನಲ್ಲಿ ಅದೇ ಇಂಗ್ಲೆಂಡನ್ನು 125 ರನ್‌ಗಳಿಂದ ಸೋಲಿಸಿತು. ನಾಯಕಿ ಲಾರಾ ವೊಲ್ವಾರ್ಟ್ ಹೊಡೆದದ್ದು 169. ವೈದ್ಯಕೀಯ ಓದಿಗೆ ಸಿಕ್ಕ ಸೀಟನ್ನು ಬದಿಗಿಟ್ಟು ಕ್ರಿಕೆಟ್ ಹಿಡಿದವಳು ಅವಳು. ಅವಳ ಕವರ್ ಡ್ರೈವ್‌ಗೆ ಪುಸ್ತಕದಲ್ಲಿ ಬೀಳುವುದು ಬರೀ 4 ಅನ್ನುವ ಅಂಕಿ. ಮೊಣಕಾಲು ಮಡಿಸಿ, ತಲೆ ಅಲುಗಿಸದೆ, ಬ್ಯಾಟು ಕೊನೆಯವರೆಗೂ ಬೀಸಿ ನಿಲ್ಲುವ ಆ ಭಂಗಿಗೆ ಗುರುತು ಯಾರೂ ಕಂಡುಹಿಡಿದಿಲ್ಲ. 2023ರಲ್ಲಿ ಕೇಪ್‌ಟೌನ್, 2024ರಲ್ಲಿ ದುಬೈ, ಹೀಗೆ ಸಾಲಾಗಿ ಎರಡು ಟಿ20 ವಿಶ್ವಕಪ್ ಫೈನಲ್ ಸೋತವರು ಅವರು. ಐವತ್ತು ಓವರಿನ ಫೈನಲ್‌ಗೆ ಬಂದದ್ದು ಇದೇ ಮೊದಲು. ಅವರ ನೋವು ನಮ್ಮ ನೋವಿನ ಅಕ್ಕಪಕ್ಕದ್ದೇ.

1973ರಲ್ಲಿ, ಗಂಡಸರ ವಿಶ್ವಕಪ್‌ಗಿಂತ ಎರಡು ವರ್ಷ ಮೊದಲೇ ಶುರುವಾದ ಈ ಕಪ್ಪನ್ನು ಇದುವರೆಗೆ ಗೆದ್ದದ್ದು ಆಸ್ಟ್ರೇಲಿಯಾ, ಇಂಗ್ಲೆಂಡ್, ಒಮ್ಮೆ ನ್ಯೂಜಿಲೆಂಡ್. ನಾಳೆ ಯಾರೇ ಗೆದ್ದರೂ ಹೊಸ ಹೆಸರು.

ವಿಶಾಖಪಟ್ಟಣದಲ್ಲಿ ದಕ್ಷಿಣ ಆಫ್ರಿಕಾ ಎದುರೇ ಆಡಿದ ಅಕ್ಟೋಬರ್ 9ರ ಪುಟ ನೋಡಿದಾಗೆಲ್ಲ ನನಗೆ ಎಚ್ಚರಿಕೆ ಹೇಳುತ್ತದೆ. ರಿಚಾ ಘೋಷ್ 94 ಹೊಡೆದು ನಮ್ಮನ್ನು 251ಕ್ಕೆ ಮುಟ್ಟಿಸಿದ್ದಳು. ಎದುರಾಳಿಗಳು 81ಕ್ಕೆ ಐದು ವಿಕೆಟ್ ಕಳೆದುಕೊಂಡಾಗ ಗೆದ್ದೆವೆಂದೇ ಭಾವಿಸಿ ನಾನು ಕಾಫಿ ಬೆರೆಸಲು ಎದ್ದೆ. ಆಮೇಲೆ ನಡೀನ್ ಡಿ ಕ್ಲರ್ಕ್ 54 ಎಸೆತದಲ್ಲಿ 84 ಬಾರಿಸಿ ಪಂದ್ಯ ಕಸಿದುಕೊಂಡಳು. ನಾಳೆ ಕೊನೆಯ ವಿಕೆಟ್ ಬೀಳುವವರೆಗೂ ಅಡುಗೆಮನೆ ಕಡೆ ಹೋಗುವುದಿಲ್ಲ.

ಮೊನ್ನೆ ಗುರುವಾರದ ಸೆಮಿಫೈನಲ್ ಪುಟವನ್ನು ಮಾತ್ರ ಮೂರು ದಿನದಲ್ಲಿ ಎಷ್ಟು ಸಲ ತೆರೆದೆನೋ. ಆಸ್ಟ್ರೇಲಿಯಾ 338. ಮಹಿಳೆಯರ ಏಕದಿನದಲ್ಲಿ ಅಷ್ಟು ದೊಡ್ಡ ಗುರಿಯನ್ನು ಯಾರೂ ಮುಟ್ಟಿರಲಿಲ್ಲ. ಜೆಮಿಮಾ ರಾಡ್ರಿಗಸ್ ಔಟಾಗದೆ 127. ಅವಳ ಸಾಲನ್ನು ಬೆರಳಿಟ್ಟು ಎಣಿಸಿದೆ: ಒಂದೂ ಸಿಕ್ಸರ್ ಇಲ್ಲ, ಬೌಂಡರಿ 14. ಅಂದರೆ 71 ರನ್ ಓಡಿ ತೆಗೆದದ್ದು. ಸಾಲು ತುಂಬ ಇರುವೆ ಹರಿದ ಹಾಗೆ ಒಂದು, ಒಂದು, ಎರಡು, ಒಂದು. ಹರ್ಮನ್‌ಪ್ರೀತ್ ಜತೆ 167ರ ಜೊತೆಯಾಟ. ನೂರು ದಾಟಿದಾಗ ಅವಳು ಬ್ಯಾಟನ್ನೂ ಎತ್ತಲಿಲ್ಲ, ಕೆಲಸ ಮುಗಿದಿರಲಿಲ್ಲ. 82ರಲ್ಲಿ ಅವಳ ಕ್ಯಾಚ್ ಕೈಚೆಲ್ಲಿದರು. ಅದಕ್ಕೆ ಸ್ಕೋರ್ ಪುಸ್ತಕದಲ್ಲಿ ಗುರುತಿಲ್ಲ. ನಾನು ಅಂಚಿನಲ್ಲಿ ಸಣ್ಣದಾಗಿ ‘ಬಿಟ್ಟರು’ ಎಂದು ಬರೆದಿಟ್ಟಿದ್ದೇನೆ. ಭಾಗ್ಯವೂ ಲೆಕ್ಕಕ್ಕೆ ಸೇರಬೇಕಲ್ಲ.

ಮೊದಲ ವೇಳಾಪಟ್ಟಿಯಲ್ಲಿ ಫೈನಲ್ ನಡೆಯಬಹುದಾದ ಊರುಗಳಲ್ಲಿ ಬೆಂಗಳೂರೂ ಇತ್ತು. ಜೂನ್‌ನಲ್ಲಿ ಚಿನ್ನಸ್ವಾಮಿ ಮೈದಾನದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜೀವ ಹೋದವು, ಪಂದ್ಯಗಳು ನವಿ ಮುಂಬಯಿಗೆ ಹೋದವು. ಆ ಮನೆಗಳ ದುಃಖದ ಮುಂದೆ ನನ್ನ ನಿರಾಸೆ ದೊಡ್ಡದಲ್ಲ. ಈ ಸಲದ ತಂಡದಲ್ಲಿ ನಮ್ಮ ರಾಜ್ಯದ ಹುಡುಗಿಯೂ ಇಲ್ಲ. ಆದರೆ ಕಡಪದ ಶ್ರೀ ಚರಣಿ, ಮಧ್ಯಪ್ರದೇಶದ ಘುವಾರಾದ ಕ್ರಾಂತಿ ಗೌಡ್, ಹಿಮಾಚಲದ ರೇಣುಕಾ ಠಾಕೂರ್ ಇದ್ದಾರೆ. ವಿಜಯಪುರ, ಕಡೂರಿನಂಥ ಊರುಗಳಿಂದಲೇ ಬಂದವರು. ಬರೆಯುವಾಗ ನನಗೆ ಬೇರೆಯವರೆನಿಸುವುದಿಲ್ಲ.

ಗೆರೆ ಎಳೆಯುವಾಗ ಅಣ್ಣನ ಮೊಮ್ಮಗಳು ಬಂದು ಮೇಜಿಗೆ ಗಲ್ಲ ಊರಿ ನಿಂತಳು.

“ಅಜ್ಜಿ, ಮೊಬೈಲಲ್ಲೇ ಸ್ಕೋರ್ ಬರತ್ತಲ್ಲ, ನೀನ್ಯಾಕೆ ಬರೀತೀಯ?”

ಉತ್ತರಕ್ಕೆ ಎರಡು ಪುಟ ತೆರೆದು ತೋರಿಸಿದೆ. 2005ರದ್ದು, ಮೊನ್ನೆಯದು. ಅವಳು ಎರಡನ್ನೂ ನೋಡಿ, “ಇದರಲ್ಲಿ ಯಾಕೆ ಏನೂ ಇಲ್ಲ? ಅವರು ಆಡ್ಲಿಲ್ವಾ?” ಎಂದು 2005ರ ಪುಟದ ಮೇಲೆ ಬೆರಳಿಟ್ಟಳು. ಆಡಿದ್ದರು ಪುಟ್ಟಿ. ಬರೆದುಕೊಳ್ಳುವ ಹಾಗೆ ಯಾರೂ ನಮಗೆ ತೋರಿಸಲಿಲ್ಲ. ಚುಕ್ಕಿಯೂ ಒಂದು ಎಸೆತವೇ. ಯಾರೋ ಓಡಿ ಬಂದು ಹಾಕಿದ್ದು, ಯಾರೋ ಎದುರಿಸಿದ್ದು. ಅದಕ್ಕೇ ನಾಳೆ ಒಂದನ್ನೂ ಬಿಡದೆ ಬರೆಯಬೇಕು.

ಆಟಗಾರ್ತಿಯರ ಹೆಸರನ್ನು ನಾನು ಮುಂಚಿತವಾಗಿ ಬರೆಯುವುದಿಲ್ಲ, ಟಾಸ್ ಆಗಿ ಅವರು ಅಂಗಳಕ್ಕಿಳಿದ ಮೇಲೆಯೇ. ಟಾಸ್ ಗೆದ್ದವರು ಏನು ಆರಿಸುತ್ತಾರೋ, ರಾತ್ರಿ ಇಬ್ಬನಿಯಲ್ಲಿ ಒದ್ದೆಯಾದ ಚೆಂಡು ಸ್ಪಿನ್ನರ್‌ಗಳ ಬೆರಳಿಂದ ಜಾರುತ್ತದೋ, ಹದಿನೇಳು ವಿಕೆಟ್ ಕಿತ್ತಿರುವ ದೀಪ್ತಿಗೆ ವೊಲ್ವಾರ್ಟ್ ಸಿಗುತ್ತಾಳೋ. ಮಳೆ ಬಂದರೆ ಸೋಮವಾರ ಮೀಸಲು ದಿನವಿದೆ. ಪ್ರತೀಕಾ ರಾವಲ್ ಕಾಲು ಉಳುಕಿ ಹೊರಗುಳಿದಳು, ಅವಳ ಜಾಗಕ್ಕೆ ಶಫಾಲಿ ವರ್ಮಾ ಸೆಮಿಫೈನಲ್ ಹೊತ್ತಿಗೆ ಬಂದಳು. ಮೊನ್ನೆ ಹತ್ತೇ ರನ್. ಹುಡುಗರ ಜತೆ ಆಡಲು ಕೂದಲು ಕತ್ತರಿಸಿಕೊಂಡ ರೋಹ್ಟಕ್‌ನ ಆ ಹುಡುಗಿಯ ಸಾಲಿನಲ್ಲಿ ಚುಕ್ಕಿ ಕಡಿಮೆ, ನಾಲ್ಕು ಜಾಸ್ತಿ. ಆರಂಭಿಕರ ಸಾಲು ಎರಡನ್ನೂ ಒಂದು ಬೆರಳಗಲ ಹೆಚ್ಚಾಗಿಯೇ ಎಳೆದಿದ್ದೇನೆ.

“ಯಾರು ಗೆಲ್ತಾರೆ ಅಜ್ಜಿ?”

“ಬರೆದು ನೋಡೋಣ.”

ಅವಳು ಒಳಗೆ ಹೋಗಿ ತನ್ನ ಕಂಪಾಸ್ ಪೆಟ್ಟಿಗೆ ತಂದಳು. ಪುಟದ ನೆತ್ತಿಯಲ್ಲಿ ತಾರೀಕು ಬರೆಯುವ ಕೆಲಸ ಅವಳಿಗೆ ಕೊಟ್ಟೆ. ನಾಲಿಗೆ ತುದಿ ಕಚ್ಚಿಕೊಂಡು, ಒಂದೊಂದೇ ಅಂಕಿ ತಿದ್ದಿ 2-11-2025 ಎಂದು ಬರೆದಳು. ಆಮೇಲೆ ತನ್ನ ಪೆನ್ಸಿಲನ್ನೂ ಮೊನೆ ಮಾಡಿ ನನ್ನದರ ಪಕ್ಕದಲ್ಲಿಟ್ಟಳು.