ನೀರಿನ ತೂಕ

ಮಗಳಿಗೆಂದು ತಂದ ಎರಡಡಿಯ ಮೀನಿನ ತೊಟ್ಟಿಯನ್ನು ಹಳೆಯ ಟಿವಿ ಸ್ಟ್ಯಾಂಡಿನ ಮೇಲಿಟ್ಟಿದ್ದೆ. 50 ಲೀಟರ್ ನೀರೆಂದರೆ 50 ಕಿಲೋ. ಗಾಜು, ಕಲ್ಲುಗಳ ಭಾರ ಬೇರೆ. ಆ ಲೆಕ್ಕ ನನಗೆ ಹೊಳೆದಿರಲಿಲ್ಲ. ನೀರು ಬದಲಿಸುವಾಗ ಚೆಲ್ಲಿದ್ದನ್ನು ಕುಡಿದು ಪಾರ್ಟಿಕಲ್ ಬೋರ್ಡಿನ ಒಂದು ಮೂಲೆ ಉಬ್ಬಿತ್ತು. ತೊಟ್ಟಿಯ ನೀರು ಒಂದು ಬದಿಗೆ ಬೆರಳಗಲ ಏರಿ ನಿಂತಿದ್ದನ್ನು ಮೊದಲು ಕಂಡವಳು ಮಗಳೇ. “ನಿನ್ನ ಕಣ್ಣಿಗೆ ಹಾಗೆ ಕಾಣುತ್ತೆ ಬಿಡು” ಎಂದಿದ್ದೆ.

ಮೂರನೆಯ ರಾತ್ರಿ ತಳದ ಗಾಜು ಬಿರಿಯಿತು. ಐದು ಮೀನುಗಳಲ್ಲಿ ಎರಡು ಮಾತ್ರ ಬಕೆಟ್ ಸೇರಿದವು.

ಹೊಸ ತೊಟ್ಟಿಗೆ ಗೋಡೆಗೊತ್ತಿ ಕಡಪ ಕಲ್ಲಿನ ಕಟ್ಟೆ ಕಟ್ಟಿಸಿದೆ. ತೊಟ್ಟಿಯಡಿಗೆ ಥರ್ಮಾಕೋಲ್ ಹಾಳೆ ಹಾಸಿದೆ. ನೀರು ತುಂಬಿದ ಮೇಲೆ ಮಗಳು ಸ್ಕೇಲು ಹಿಡಿದು ನಾಲ್ಕೂ ಮೂಲೆ ಅಳೆದಳು. “ಸಮ ಇದೆ ಅಪ್ಪ” ಎಂದು ಅವಳು ಹೇಳುವವರೆಗೆ ನಾನು ಮೀನು ಬಿಡುವ ಮಾತೆತ್ತಲಿಲ್ಲ.